ಐದು ಆಟದ ಹುಡುಗ ಜಿಮ್ ಬ್ರೌನ್
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಫುಟ್‌ಬಾಲ್ ಅಂದ ಕೂಡಲೇ ನಮಗೆ ಕಾಸರಗೋಡಿನವರಿಗೆ ಸೆವೆನ್ಸ್ ನೆನಪಾಗ್ತದೆ. ನಾನು ಹೇಳುವುದು ಅಮೆರಿಕದ ಫುಟ್‌ಬಾಲ್. ಅದರಲ್ಲಿ ಒದೆಯುವುದಕ್ಕಿಂತ ಚೆಂಡನ್ನು ಅವಚಿಕೊಂಡು ಓಡುವುದೇ ಹೆಚ್ಚು, ಎದುರಿನವರು ಹಿಡಿದು ಕೆಡವುತ್ತಾರೆ. ಸ್ವಲ್ಪ ಕಬಡ್ಡಿ ಇದ್ದ ಹಾಗೆ ಅನ್ನಿ.

ಜಿಮ್ ಬ್ರೌನ್ ಹುಟ್ಟಿದ್ದು 1936ರಲ್ಲಿ, ಜಾರ್ಜಿಯಾದ ಒಂದು ದ್ವೀಪದಲ್ಲಿ. ಮುತ್ತಜ್ಜಿ ಸಾಕಿದರು. ಎಂಟನೇ ವಯಸ್ಸಿಗೆ ನ್ಯೂಯಾರ್ಕ್ ಹತ್ತಿರದ ಮ್ಯಾನ್‌ಹ್ಯಾಸೆಟ್‌ಗೆ ಬಂದ, ತಾಯಿ ಅಲ್ಲಿ ಮನೆಗೆಲಸದಲ್ಲಿದ್ದರು. ಹೈಸ್ಕೂಲಿನಲ್ಲಿ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಬೇಸ್‌ಬಾಲ್, ಓಟ, ಮತ್ತೆ ಲಕ್ರಾಸ್. ಲಕ್ರಾಸ್ ಅಂದ್ರೆ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ. ಬಾಸ್ಕೆಟ್‌ಬಾಲಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 38 ಪಾಯಿಂಟ್!

ಇಷ್ಟಿದ್ದೂ ಸಿರಾಕ್ಯೂಸ್ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಕೊಡಲಿಲ್ಲ. ಕೆನೆತ್ ಮೊಲಾಯ್ ಎಂಬ ವಕೀಲರು ಊರವರಿಂದ ಹಣ ಎತ್ತಿ ಮೊದಲ ವರ್ಷದ ಖರ್ಚು ನಡೆಸಿದರು. ಹುಡುಗನಿಗೆ ಮಾತ್ರ ಅದು ಸ್ಕಾಲರ್‌ಶಿಪ್ ಅಂತಲೇ ಹೇಳಿದ್ದರು. ಮೊದಲ ವರ್ಷದ ತಂಡದಲ್ಲಿ ಕರಿಯ ಆಟಗಾರ ಅವನೊಬ್ಬನೇ, ಇಟ್ಟದ್ದು ಕಟ್ಟಕಡೆಯ ಸಾಲಿನಲ್ಲಿ. ಬಿಟ್ಟು ಬರ್ತೇನೆ ಅಂದ. ಹಳೆಯ ಶಾಲೆಯ ಅಧಿಕಾರಿಯೊಬ್ಬರು ಅಲ್ಲಿಯವರೆಗೆ ಹೋಗಿ ಮಾತಾಡಿ ನಿಲ್ಲಿಸಿದರು. ಅದೇ ಹುಡುಗ 1956ರಲ್ಲಿ ಕೋಲ್ಗೇಟ್ ತಂಡದ ಎದುರು ಒಂದೇ ಪಂದ್ಯದಲ್ಲಿ 43 ಪಾಯಿಂಟ್ ಗಳಿಸಿದ.

1957ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಸೇರಿದ. ಒಂಬತ್ತು ವರ್ಷ, 118 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ. ಎಂಟು ವರ್ಷ ಚೆಂಡು ಹಿಡಿದು ಓಡುವುದರಲ್ಲಿ ಇಡೀ ಲೀಗಿಗೆ ಅವನೇ ಮೊದಲು. ಕೆಡವಿದಾಗಲೆಲ್ಲ ಬೇಕೆಂದೇ ನಿಧಾನವಾಗಿ ಏಳುತ್ತಿದ್ದ. ಪೆಟ್ಟಾದ ದಿನವೂ ಅಷ್ಟೇ ನಿಧಾನ, ಆಗದ ದಿನವೂ ಅಷ್ಟೇ. ಎದುರಾಳಿಗೆ ಏನೂ ಗೊತ್ತಾಗಬಾರದಲ್ಲ! 1966ರಲ್ಲಿ ಮೂವತ್ತನೇ ವಯಸ್ಸಿಗೆ, ಇನ್ನೂ ಶಕ್ತಿ ಇರುವಾಗಲೇ ಆಟ ಬಿಟ್ಟ. ಕರಿಯರ ಸಣ್ಣ ವ್ಯಾಪಾರಗಳಿಗೆ ಬಲ ಕೊಡುವ ಸಂಘ ಕಟ್ಟಿದ.

ಇನ್ನೊಂದು ಮಾತೂ ಉಂಟು. ಹೆಂಗಸರ ಮೇಲೆ ಕೈಮಾಡಿದ ಆರೋಪ ಅವನ ಮೇಲೆ ಹಲವು ಸಲ ಬಂತು. 2002ರಲ್ಲಿ ಹೆಂಡತಿಯ ಕಾರು ಒಡೆದ ಕೇಸಿನಲ್ಲಿ ಜೈಲಿಗೂ ಹೋದ. ಅದನ್ನು ಮುಚ್ಚಿಟ್ಟು ಫೋಟೋಕ್ಕೆ ಹಾರ ಹಾಕುವುದು ನನಗೆ ಬೇಡ.

ನನಗೆ ಹಿಡಿಸಿದ್ದು ಆ ವಕೀಲರು ಎತ್ತಿದ ಹಣ. ಸುಳ್ಳು ಹೇಳಿದ್ದು ಮಾತ್ರ ಸರಿಯಲ್ಲ, ಯಾರ ದುಡ್ಡು ಅಂತ ಹುಡುಗನಿಗೆ ಹೇಳಬೇಕಿತ್ತು. ನಾವು ವರ್ಷ ವರ್ಷ ಜೆರ್ಸಿಗೆ ದುಡ್ಡು ಎತ್ತುತ್ತೇವೆ. ಈ ವರ್ಷ ಅದರಲ್ಲೇ ಒಂದು ಪಾಲು ತೆಗೆದಿಟ್ಟು, ಸೆಲೆಕ್ಷನ್‌ಗೆ ಹೊರಡುವ ಹುಡುಗ ಹುಡುಗಿಯರ ಬಸ್ಸಿಗೆ, ಬೂಟಿಗೆ ಕೊಡುವ. ಲೆಕ್ಕದ ಪುಸ್ತಕದಲ್ಲಿ ಕೊಟ್ಟವರ ಹೆಸರು ಬರೆಯುವ, ತೆಗೊಂಡವರಿಗೂ ತೋರಿಸುವ. ಮೊದಲ ನೂರು ರೂಪಾಯಿ ನನ್ನದು.