ಕೊಟ್ಟಿಗೆಗೆ ನೆರಳು: ಸಸಿ ನೆಡುವುದು, ಉಳಿಸುವುದು
(ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಿಂಡಿ, ಮೇವು, ಲಸಿಕೆಗಳ ವಿಷಯವನ್ನು ನೀವು ಇಂತಹ ಸಭೆಗಳಲ್ಲಿ ಅನೇಕ ಸಲ ಕೇಳಿದ್ದೀರಿ. ಇಂದು ನಾನು ಮನೆಯ ಮುಂದಿನ ಗಿಡದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಹಾಲಿಗೂ ಗಿಡಕ್ಕೂ ಏನು ಸಂಬಂಧ ಎಂದು ಕೇಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ನಿಂತ ಮಿಶ್ರತಳಿ ಹಸು ತೇಕುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ. ಎಮ್ಮೆಗೆ ಕಪ್ಪು ಚರ್ಮ, ಬೆವರು ಕಡಿಮೆ. ಅದರ ಪಾಡು ಇನ್ನೂ ಕಷ್ಟ. ಬೇಸಿಗೆಯಲ್ಲಿ ಅದು ಬೆದೆಗೆ ಬಂದದ್ದೇ ತಿಳಿಯದೆ ಹೋಗುತ್ತದೆ. ಒಂದು ಬೆದೆ ತಪ್ಪಿದರೆ ಸುಮಾರು 21 ದಿನ ಹಿಂದೆ ಬಿದ್ದಂತೆ.

ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದು, ಅದರಲ್ಲಿ ಅಶೋಕನ ಹೆಸರೇ ಸಿಕ್ಕಿದ್ದು ನಮಗೆಲ್ಲ ಹೆಮ್ಮೆ. ಅದೇ ಅಶೋಕ ತನ್ನ ಇನ್ನೊಂದು ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಪಶುವಿಗೂ ನೆರಳು ಬೇಕೆಂಬುದು ಹೊಸ ಮಾತೇನಲ್ಲ.

ಯಾವ ಗಿಡ, ಎಲ್ಲಿ? ಮಧ್ಯಾಹ್ನದ ನಂತರದ ಬಿಸಿಲೇ ಕ್ರೂರವಾದ್ದರಿಂದ ಕೊಟ್ಟಿಗೆಯ ಪಡುವಣಕ್ಕೆ, ಗೋಡೆಯಿಂದ 15-20 ಅಡಿ ಬಿಟ್ಟು ನೆಡಿರಿ. ಮೇಲೆ ವಿದ್ಯುತ್ ತಂತಿ ಇರಬಾರದು. ನೆರಳಿಗೆ ಬೇವು ಉತ್ತಮ. ಅದು ಎಲೆ ಉದುರಿಸಿ, ಬಿಸಿಲು ಬಲಿಯುವ ಹೊತ್ತಿಗೆ ಮತ್ತೆ ಚಿಗುರಿ ನಿಲ್ಲುತ್ತದೆ. ಲಿಂಗಸುಗೂರು ಕಡೆಯ ಗರಸು ನೆಲಕ್ಕೆ ಬೇವು, ಹುಣಸೆ, ಬನ್ನಿ ಹೊಂದುತ್ತವೆ. ಆದರೆ ಸಿಂಧನೂರಿನ ಎಡದಂಡೆ ಕಾಲುವೆಯ ಕೆಳಗೆ, ಗದ್ದೆ ಪಕ್ಕದ ಎರೆ ಭೂಮಿಯಲ್ಲಿ, ನೀರು ನಿಂತು ಸವಳು ಏರಿದ ಕಡೆ ಬೇವು ಬಾಳದು. ಅಲ್ಲಿ ಹೊಂಗೆ ಅಥವಾ ಕರಿಜಾಲಿ ಹಾಕಿರಿ. ಅದನ್ನೂ ಒಂದು ಅಡಿ ಎತ್ತರದ ದಿಬ್ಬ ಮಾಡಿ ನೆಡಿರಿ.

ಬೇಸಿಗೆಯಲ್ಲೇ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿರಿ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದೆರಡು ಬುಟ್ಟಿ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿರಿ. ಹಸಿ ಸಗಣಿ ಬೇಡ. ಅದರ ಕಾವಿಗೆ ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ. ಮಳೆ ಬಿದ್ದು ನೆಲ ನೆನೆದ ಮೇಲೆ ಸಂಜೆ ಹೊತ್ತು ನೆಡಿರಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಸೀಳಿ ತೆಗೆಯಿರಿ. ಸುರುಳಿ ಸುತ್ತಿದ ಬೇರಿದ್ದರೆ ಬಿಡಿಸಿರಿ. ಕಾಂಡ ಹೂಳಬಾರದು, ಚೀಲದಲ್ಲಿದ್ದ ಮಟ್ಟವೇ ನೆಲದ ಮಟ್ಟ.

ಆಸರೆಯ ಕೋಲಿಗೆ ಹಳೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿರಿ. ಇದನ್ನು ಅನುಭವದಿಂದ ಹೇಳುತ್ತೇನೆ. ನಮ್ಮ ಮನೆಯ ಮೊದಲ ಬೇವಿಗೆ ನಾನು ತಂತಿ ಬಿಗಿದು ಮರೆತೆ. ಮೂರನೆಯ ವರ್ಷ ಆಳೆತ್ತರ ಬೆಳೆದ ಗಿಡ ಒಂದು ಗಾಳಿಗೆ ಸರಿಯಾಗಿ ತಂತಿ ಕೊರೆದ ಜಾಗದಲ್ಲೇ ಮುರಿಯಿತು. ಒಂದು ನಿಮಿಷದ ಕೆಲಸ ಬಿಟ್ಟದ್ದಕ್ಕೆ ಮೂರು ವರ್ಷದ ನೆರಳು ಹೋಯಿತು.

ನೆಡುವುದು ಒಂದು ದಿನದ ಕೆಲಸ, ಉಳಿಸುವುದು ಎರಡು ಬೇಸಿಗೆಯ ಕೆಲಸ. ಮೊದಲ ಬೇಸಿಗೆ ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ಕೊಡ, ಎರಡನೆಯ ಬೇಸಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಸಾಕು. ಕಾಲುವೆ ನಿಂತ ದಿನಗಳಲ್ಲಿ ಹಸು ತೊಳೆದ ನೀರನ್ನೇ ಪಾತಿಗೆ ತಿರುಗಿಸಬಹುದು. ಆದರೆ ಬರೀ ಗಂಜಲ ಹರಿಯಬಾರದು. ದನ ತಿಂದು ಬಿಟ್ಟ ಮೇವಿನ ಕಸವನ್ನು ಪಾತಿಯಲ್ಲಿ ಹರಡಿರಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿರಿ. ಎರೆ ಭೂಮಿ ಬಿರುಕು ಬಿಟ್ಟರೆ ಮಣ್ಣೆಳೆದು ಮುಚ್ಚಿರಿ. ಬಿರುಕಿನಲ್ಲಿ ಬೇರು ಹರಿದು ಒಣಗುತ್ತದೆ. ಸುತ್ತ ಜಾಲಿಮುಳ್ಳಿನ ಬೇಲಿ ಇರಲಿ. ಎಳೆಯ ಗಿಡಕ್ಕೆ ಕರುವನ್ನಾಗಲಿ ಮೇಕೆಯನ್ನಾಗಲಿ ಕಟ್ಟಬೇಡಿರಿ. ಸುತ್ತಲೂ ಸಿಪ್ಪೆ ಹೋದ ಗಿಡ ಉಳಿಯುವುದಿಲ್ಲ.

ಜಾಗವಿದ್ದರೆ ಬಚ್ಚಲ ನೀರಿಗೆ ನುಗ್ಗೆ, ಚೊಗಚೆ ಹಾಕಿರಿ. ಒಂದು ವರ್ಷದ ನಂತರ ಸೊಪ್ಪು ಕೊಯ್ದು ಮೇವಿನ ಜೊತೆ ಕೊಡಬಹುದು. ಬರೀ ಭತ್ತದ ಹುಲ್ಲು ತಿನ್ನುವ ದನಕ್ಕೆ ಇದರಿಂದ ಸಸಾರಜನಕ ಸಿಗುತ್ತದೆ. ಸುಬಾಬುಲ್ ಇದ್ದವರು ಅದನ್ನು ಹಸಿ ಮೇವಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕೊಡಬಾರದು. ಅದರಲ್ಲಿರುವ ಮಿಮೋಸಿನ್ ಎಂಬ ಅಂಶದಿಂದ ಕೂದಲು ಉದುರುತ್ತದೆ.

ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ರೈತರು ಹೊಲದಲ್ಲಿ ನೆಟ್ಟ ಸಸಿಗಳ ಪೈಕಿ ಬದುಕುಳಿದವನ್ನು ಎಣಿಸಿ ಹಣ ಕೊಡುವ ನಿಯಮ ಇಟ್ಟರು. ಅಂಗಳದ ಗಿಡಕ್ಕೂ ಅದೇ ಲೆಕ್ಕ ಹಿಡಿಯೋಣ.

ಮುಂದಿನ ಮುಂಗಾರಿಗೆ ಹತ್ತು ಸಸಿ ನೆಟ್ಟು ಮರೆಯುವ ಬದಲು ಎರಡೇ ನೆಟ್ಟು ಎರಡನ್ನೂ ಉಳಿಸಿರಿ. ಕೆಲವೇ ವರ್ಷಗಳಲ್ಲಿ ನಿಮ್ಮ ಎಮ್ಮೆ ಆ ನೆರಳಿನಲ್ಲಿ ಮಲಗಿ ಮೆಲುಕು ಹಾಕುವುದನ್ನು ನೀವೇ ಕಾಣುವಿರಿ.