ದುಡ್ಡು ಕೊಡೋ ಮುಂಚೆ ಮೂರು ಟೆಸ್ಟ್ ಶಾಟ್

ಸೆಕೆಂಡ್ ಹ್ಯಾಂಡ್ 50 ಎಂಎಂ ಎಫ್/1.8 ಲೆನ್ಸ್ ತಗೊಳ್ತಿದ್ದೀರಾ? ಪರೀಕ್ಷೆಗೆ ಸ್ಟುಡಿಯೋ ಬೇಡ, ನಾವಿರೋ ಈ ಮುನಿರ್ಕಾ ಗಲ್ಲಿ ಸಾಕು.

ಒಂದು, ಇಟ್ಟಿಗೆ ಗೋಡೆ. ಕ್ಯಾಮೆರಾ ಗೋಡೆಗೆ ನೇರವಾಗಿರಲಿ, ಅಲುಗಾಡದಿರಲಿ. 1.8ರಲ್ಲಿ ನಾಲ್ಕೂ ಮೂಲೆ ಸ್ವಲ್ಪ ಮಸುಕಾದ್ರೆ ಚಿಂತೆಯಿಲ್ಲ. ಆದರೆ 5.6ರಲ್ಲೂ ಒಂದೇ ಬದಿ ಮಸುಕಾಗಿದ್ರೆ ಒಳಗಿನ ಗಾಜು ಸರಿದಿರಬಹುದು. ಕೆಳಗೆ ಬಿದ್ದ ಲೆನ್ಸ್‌ಗಳಲ್ಲಿ ಹೀಗಾಗುತ್ತೆ.

ಎರಡು, ತಲೆ ಮೇಲಿನ ಕರೆಂಟ್ ವೈರ್‌ಗಳು. ಬೆಳ್ಳನೆ ಆಕಾಶದೆದುರು 1.8ರಲ್ಲಿ ಅಂಚಿಗೆ ನೇರಳೆ ಬಣ್ಣ ಬಂದ್ರೆ ಹೆದರಬೇಡಿ. ಅದು ಇಂಥ ಲೆನ್ಸ್‌ಗಳ ಸ್ವಭಾವ.

ಮೂರು, ಸಾಲಾಗಿ ನಿಂತ ಬೈಕ್‌ಗಳು. ಓರೆಯಾಗಿ ನಿಂತು, 1.8ರಲ್ಲೇ ಮಧ್ಯದ ಬೈಕಿಗೆ ಫೋಕಸ್ ಮಾಡಿ. ಪ್ರತಿ ಸಲವೂ ಹಿಂದಿನ ಬೈಕೇ ಸ್ಪಷ್ಟವಾಗಿ ಬರ್ತಿದ್ರೆ ಫೋಕಸ್ ಸರಿಯಿಲ್ಲ.

ಎಲ್ಲವನ್ನೂ ಜೂಮ್ ಮಾಡಿ ನೋಡಿ, ಆಮೇಲೆ ಬೆಲೆ ಮಾತಾಡಿ.