ಹಬ್ಬದ ಮಾರನೆಯ ದಿನದ ಊಟ

ವೇದಿಕೆಯ ಮೇಲಿರುವ ಪೂಜ್ಯರೇ, ಫಾದರ್ ಅವರೇ, ಮೌಲಾನಾ ಸಾಹೇಬರೇ, ಮಠದ ಅಡುಗೆಮನೆಯಿಂದ, ಚರ್ಚಿನಿಂದ, ಜಕಾತ್ ಸಮಿತಿಯಿಂದ ಬಂದಿರುವ ಸ್ವಯಂಸೇವಕ ಬಂಧುಗಳೇ,

ತುಮಕೂರಿನಲ್ಲಿ ನಿಂತು ದಾಸೋಹದ ಬಗ್ಗೆ ಮಾತಾಡಲು ಯಾರಿಗಾದರೂ ಸಂಕೋಚವಾಗಬೇಕು. ಪಕ್ಕದಲ್ಲೇ ಸಿದ್ಧಗಂಗಾ ಮಠವಿದೆ. 2019ರಲ್ಲಿ ಲಿಂಗೈಕ್ಯರಾದ ಅಲ್ಲಿನ ಶಿವಕುಮಾರ ಸ್ವಾಮೀಜಿ ಜಾತಿ ಮತ ಕೇಳದೆ ಸುಮಾರು 10,000 ಮಕ್ಕಳಿಗೆ ಊಟ, ವಸತಿ, ಓದು ಕೊಟ್ಟದ್ದು ನಿಮಗೆಲ್ಲ ಗೊತ್ತು. ಆ ಮಠದ ಒಲೆ ಜಾತ್ರೆಗಷ್ಟೇ ಹೊತ್ತಿದ್ದಲ್ಲ. ಯಾವ ವಿಶೇಷವೂ ಇಲ್ಲದ ಮಂಗಳವಾರವೂ ಅದು ಉರಿಯಿತು. ನನ್ನ ತಕರಾರೆಲ್ಲ ಆ ಮಂಗಳವಾರದ್ದು.

ಹಿಂದೆ ವಾರಾನ್ನವಿತ್ತು. ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಂಡು ಓದುತ್ತಿದ್ದ. ಕರೆಯುವವರೆಗೆ ಜಗಲಿಯಲ್ಲಿ ಕಾಯಬೇಕು. ಆ ಮನೆಯಲ್ಲಿ ಸೂತಕ ಬಂದರೆ ಅವತ್ತು ಉಪವಾಸ. ಅದರಿಂದ ಎಷ್ಟೋ ಮಂದಿ ಮುಂದೆ ಬಂದರು, ನಿಜ. ಆದರೆ ಆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳು ಬಂದ ಮೇಲೆ ಸಾವಿರಾರು ಮಕ್ಕಳಿಗೆ ಜಗಲಿಯ ಕಾಯುವಿಕೆ ತಪ್ಪಿತು.

ಈಗ ನಮ್ಮನ್ನು ನೋಡಿ. ಶಿವರಾತ್ರಿಗೆ, ಕ್ರಿಸ್‌ಮಸ್‌ಗೆ, ರಂಜಾನ್‌ಗೆ, ಮಗನ ಹುಟ್ಟುಹಬ್ಬಕ್ಕೆ ಅನಾಥಾಲಯದ ಮುಂದೆ ಕಾರುಗಳ ಸಾಲು. ಒಂದೇ ದಿನ ಮೂರು ಕಡೆಯ ಪಾಯಸ, ಮಕ್ಕಳಿಗೆ ಹೊಟ್ಟೆನೋವು! ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದೊಡನೆ ಬಿಸಿಯೂಟವೂ ನಿಲ್ಲುತ್ತದೆ. ಬರದ ತಾಲ್ಲೂಕುಗಳಲ್ಲಿ ಸರ್ಕಾರ ಕೆಲವು ವರ್ಷ ರಜೆಯಲ್ಲೂ ಬಡಿಸಿದ್ದುಂಟು, ಉಳಿದಂತೆ ಮೇ ತಿಂಗಳು ಖಾಲಿ. ಆಗ ನಾವು ತೀರ್ಥಯಾತ್ರೆಯಲ್ಲಿರುತ್ತೇವೆ.

1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜಾನಾಂ ಎಂಬ ಇಪ್ಪತ್ತರ ವಿದ್ಯಾರ್ಥಿ, ಗೆಳೆಯರೊಂದಿಗೆ ಸೇರಿ, ಇಂದು ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಎನಿಸಿಕೊಂಡಿರುವ ಕೂಟವನ್ನು ಕಟ್ಟಿದ. ಬಡವರನ್ನು ಕರೆಸಿ ಹಂಚುವುದಲ್ಲ, ಅವರ ಮನೆಗೆ ತಾವೇ ಹೋಗುವುದು ಅವರ ಪದ್ಧತಿ. ನಾವು ಯಾರೇ ಆಗಲಿ, ಇದನ್ನು ಕಲಿಯಬೇಕು. ಮನೆಗೆ ಹೋದರೆ ತಾನೇ ನಿಜವಾದ ತೊಡಕು ಕಾಣುವುದು? ಆಧಾರ್‌ನಲ್ಲಿ ಹುಡುಗಿಯ ಹೆಸರು ‘ಲಕ್ಷ್ಮಿ’, ಶಾಲೆಯ ದಾಖಲೆಯಲ್ಲಿ ‘ಲಕ್ಷ್ಮೀದೇವಿ’. ವಿದ್ಯಾರ್ಥಿವೇತನ ಅಲ್ಲೇ ನಿಂತಿದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ನಾಡಕಚೇರಿಗೆ ಹೋದರೆ ತಾಯಿಯ ಒಂದು ದಿನದ ಕೂಲಿ ಹೋಯಿತು, ಸರ್ವರ್ ಇಲ್ಲವೆಂದರೆ ಇನ್ನೊಂದು ದಿನದ್ದು. ಆಕೆಯ ಜೊತೆ ಸಾಲಿನಲ್ಲಿ ನಿಲ್ಲಲು ಒಬ್ಬರು ಬೇಕು. ಇದರಲ್ಲಿ ಶಾಲು ಹಾರವಿಲ್ಲ, ಫೋಟೋ ಅಂತೂ ಇಲ್ಲವೇ ಇಲ್ಲ. ಮಗುವಿನ ಕೈಗೆ ನೋಟ್‌ಬುಕ್ ಕೊಟ್ಟು ಕ್ಯಾಮೆರಾ ನೋಡು ಎನ್ನುವುದು ನನಗೆ ಸಹಿಸಲಾಗದ ಚಾಳಿ, ಕ್ಷಮಿಸಿ.

ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣಿನ ವ್ಯವಸ್ಥೆ ಇತ್ತು. ಆದರೂ ಗಲಾಟೆ. ನಾನೂ ಮೊಟ್ಟೆ ಮುಟ್ಟದವನೇ. ನನ್ನ ವ್ರತ ನನ್ನ ತಟ್ಟೆಗೆ ಸಾಕು. ಸೊರಗಿದ ಮಗುವಿನ ತಟ್ಟೆಯಲ್ಲಿ ಏನಿರಬೇಕೆಂದು ಆ ಮಗುವಿನ ಮೈಕಟ್ಟು ನೋಡಿ ಹೇಳಬೇಕು, ನನ್ನ ಪಂಚಾಂಗ ನೋಡಿ ಅಲ್ಲ. ಹಾಗೆಯೇ, ಉಂಡವರು ನಮ್ಮ ಪ್ರಾರ್ಥನೆಗೆ ಕೂರಲೇಬೇಕೆಂಬ ಕರಾರೂ ಬೇಡ.

ಮಧ್ಯಾಹ್ನದ ಗೋಷ್ಠಿಯಲ್ಲಿ ನಿರ್ಣಯಗಳನ್ನು ಓದಿ ಚಪ್ಪಾಳೆ ತಟ್ಟಿ ಎದ್ದುಬಿಡಬೇಡಿ. ಪ್ರತಿ ಹೋಬಳಿಯಿಂದ ಇಬ್ಬಿಬ್ಬರು ಹೆಸರು ಕೊಡಿ: ಮೇ ತಿಂಗಳ ಅಡುಗೆಗೆ ಒಬ್ಬರು, ನಾಡಕಚೇರಿಗೆ ಒಬ್ಬರು. ಊಟ ತಯಾರಾಗಿದೆಯಂತೆ. ಇವತ್ತು ಬಡಿಸುವುದೂ ಪಾತ್ರೆ ತೊಳೆಯುವುದೂ ವೇದಿಕೆಯ ಮೇಲೆ ಕುಳಿತ ನಮ್ಮ ಪಾಲಿನದು. ಮೌಲಾನಾ ಸಾಹೇಬರು ಆಗಲೇ ತೋಳು ಮಡಚಿದ್ದಾರೆ.